ಗಂಟಲು ಕಟ್ಟಿದೆ

ಹರಳುಪ್ಪಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದ ಹಾಗಿದೆ ಈ ದನಿ, ಕಾರಿನ ರೇಡಿಯೋದಲ್ಲಿ ಯಾವಳೋ ಅಮೆರಿಕದವಳು, ಹೆಸರು ಹೇಳುವಷ್ಟರಲ್ಲಿ ಪಕ್ಕದಲ್ಲಿ ಟ್ರಕ್ಕೊಂದು ಅಬ್ಬರಿಸಿಕೊಂಡು ಹೋಯಿತು, ಹೋಗಲಿ, ಇವರದೆಲ್ಲ ಒಂದೇ ಬಗೆಯ ಕಂಠ, ಸಾಲಿನ ಕೊನೆಗೆ ಬರುತ್ತಲೇ ಉಸಿರು ಹರಿದು ಚೂರಾಗುತ್ತದೆ, ಅದಕ್ಕೇ ಇಲ್ಲಿ ಜನ ಪ್ರಾಣ ಬಿಡುತ್ತಾರೆ — ಜಲಜಾ ಲೇನು ಬದಲಿಸಿದಳು, ಗಿಲ್‌ರಾಯ್‌ನ ಮನೆಗೆ ಇನ್ನೂ ಏಳು ಮೈಲಿ, ವಾರಕ್ಕೊಂದು ಭಾನುವಾರ, ಅದೂ ಫ್ರೀವೇ ಪಾಲು, ಹಿಂದಿನ ಸೀಟಿನಲ್ಲಿ ಹನ್ನೊಂದು ವರ್ಷದ ಮಗಳು ಇಂಚರಾ, ತೊಡೆಯ ಮೇಲೆ ಕಷಾಯದ ಸ್ಟೀಲ್ ಫ್ಲಾಸ್ಕು, ಮುಖ ಕಿಟಕಿಯ ಕಡೆಗೆ. ಕನ್ನಡ ಕೂಟದ ಮಕ್ಕಳಿಗೆ ಹಾಡು ಕಲಿಸುವ ವಿಮಲಕ್ಕನೂ ಪ್ರಾಣ ಬಿಡುವವರೇ, ಎವರ್‌ಗ್ರೀನ್ ಬಡಾವಣೆಯ ಅವರ ಅಡುಗೆಮನೆಯ ಸ್ಪೀಕರಿನಲ್ಲಿ ಇವತ್ತೂ ಇಂಥವಳೇ ಒಬ್ಬಳು ಹಾಡುತ್ತಿದ್ದಳಲ್ಲ, ಕಾಫಿ ಬಗ್ಗಿಸುತ್ತ ಅವರೆಂದರು, ಎಂಥಾ ಸ್ವರ ಮಾರಾಯ್ತಿ ಇವಳದ್ದು, ಹಸ್ಕಿ ಅಂದ್ರೆ ಇದು, ನಾನು ಇವಳ ಕಾನ್ಸರ್ಟಿಗೆ ಓಕ್‌ಲ್ಯಾಂಡಿನವರೆಗೆ ಹೋಗಿ ನಿಂತ್ಕೊಂಡೇ ಕೇಳಿ ಬಂದದ್ದು, ಮೊಣಗಂಟು ಇನ್ನೂ ನೋವುಂಟು. ಹಾಗೆಂದ ಹತ್ತೇ ನಿಮಿಷಕ್ಕೆ ಗ್ಯಾರೇಜಿನ ಕಾರ್ಪೆಟ್ಟಿನ ಮೇಲೆ ರಾಜ್ಯೋತ್ಸವದ ಪ್ರಾಕ್ಟೀಸು, ಹದಿನಾಲ್ಕು ಹುಡುಗಿಯರು, ಫೋನಿನಲ್ಲಿ ತಂಬೂರಿ, ಶ್ರುತಿ ಐದೂವರೆ ಮನೆ, ಅಷ್ಟು ಮೇಲೆ, ಎಲ್ಲರಿಗೂ ಐದೂವರೆ, ಹೆಣ್ಣುಮಕ್ಕಳ ಕಂಠವನ್ನೆಲ್ಲ ಒಂದೇ ಅಳತೆಗೆ ಹೊಲಿಸಿಟ್ಟ ಹಾಗೆ, ನಡುವಿನ ಚರಣ ಇಂಚರಾ ಒಬ್ಬಳೇ ಹಾಡಬೇಕೆಂದು ಆಗಸ್ಟಿನಲ್ಲೇ ಹೇಳಿದ್ದವರು ಅವರೇ, ಉಳಿದವರೆಲ್ಲ ಇಂಗ್ಲಿಷಿನಲ್ಲಿ ಬರೆದುಕೊಂಡ ಕಾಗದ ಹಿಡಿದು ನಿಂತಿದ್ದರೆ ಕನ್ನಡ ಅಕ್ಷರ ಕೂಡಿಸಿ ಓದಿ ಬಾಯಿಪಾಠ ಮಾಡಿದವಳು ಇವಳೊಬ್ಬಳೇ, ಮಗು ಶುರುಮಾಡಿತು, ಎರಡನೆಯ ಸಾಲಿನಲ್ಲಿ ಮೇಲಕ್ಕೆ ಹೋದಾಗ ದನಿ ಒರಟಾಗಿ ಸೀಳಿತು, ರೇಡಿಯೋದವಳದು ಸೀಳಿದ ಹಾಗೆಯೇ, ಯಾವಳೋ ಕಿಸಕ್ಕೆಂದಳು, ಆಮೇಲೆ ವಿಮಲಕ್ಕ — ಎಂತ ಮಾಡುದು, ಚರಣ ಲಾಸ್ಯಾ ಹಾಡ್ಲಿ, ನೀನು ಬಾಯಿ ಮಾತ್ರ ಆಡ್ಸು ಮಗಾ, ಸ್ಟೇಜಿನಲ್ಲಿ ಯಾರಿಗೂ ಗೊತ್ತಾಗುದಿಲ್ಲ. ಮಗು ತಲೆ ಆಡಿಸಿತು. ಬಾಯಿಯನ್ನೂ ಆಡಿಸಿತು, ಒಂದು ಗಂಟೆ ಹೊತ್ತು, ತೆರೆದು ಮುಚ್ಚಿ, ತೆರೆದು ಮುಚ್ಚಿ.

ಅವಳದಾದರೆ ಹಸ್ಕಿ, ನಮ್ಮ ಮಗುವಿನದಾದರೆ ಬಾಯಿ ಆಡಿಸು, ಇದು ಯಾವ ನ್ಯಾಯ, ಕೂಟದ ನವೆಂಬರಿನ ಸಭೆಯಲ್ಲಿ ಎದ್ದು ನಿಂತು ಕೇಳಬೇಕು, ಕೇಳುತ್ತಾಳೆ, ಇಂಗ್ಲಿಷಿನವಳ ಗಂಟಲಿನಲ್ಲಿ ಮರಳಿದ್ದರೆ ನಿಮಗದು ಸೊಗಸು, ನಮ್ಮವಳಲ್ಲಿದ್ದರೆ ಕಸ, ಅಲ್ಲವೇ ವಿಮಲಕ್ಕ ಎಂದು, ಶ್ರುತಿ ಎರಡು ಮನೆ ಇಳಿಸಿದ್ದರೆ ಸಾಕಿತ್ತು, ಫೋನಿನ ಮೇಲೆ ಒಂದು ಬೆರಳಿನ ಕೆಲಸ — ಆದರೆ ಆ ದನಿಗೆ ನಮ್ಮಲ್ಲಿ ಇರುವ ಮಾತಾದರೂ ಯಾವುದು, ಕಟ್ಟಿದ ಗಂಟಲು, ಕೂತ ಗಂಟಲು, ಒಡೆದ ಗಂಟಲು, ಗೊಗ್ಗರು, ಎಲ್ಲಾ ಕಾಯಿಲೆಯ ಮಾತೇ, ಹೊಗಳುವುದಕ್ಕೆ ಒಂದಿಲ್ಲ, ಹಸ್ಕಿ ಎನ್ನುವುದನ್ನೂ ಸಾಲ ತರಬೇಕು. ಜಲಜಾ ಹುಡುಗಿಯಾಗಿದ್ದಾಗ ಮೈಸೂರಿನ ಮನೆಯಲ್ಲಿ ಫೋನು ಹೊಡೆದುಕೊಂಡರೆ ಅಮ್ಮ ಅಡುಗೆಮನೆಯಿಂದಲೇ, ನೀನು ಎತ್ಬೇಡ್ವೇ, ಮನೇಲಿ ಯಾರೋ ಗಂಡಸ್ರು ಅವ್ರೆ ಅನ್ಕೋತಾರೆ. ಈಗಲೂ ಆಫೀಸಿನಿಂದ ಬಿಡಿಭಾಗ ಕಳಿಸುವವರಿಗೆ ಫೋನು ಮಾಡಿದರೆ ದಿನಕ್ಕೆ ನಾಲ್ಕು ಸಲ ಯೆಸ್ ಸರ್, ಶೂರ್ ಸರ್, ತಿದ್ದುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಸರ್ ಎಂದರೆ ಪಾರ್ಟ್ಸು ಎರಡು ದಿನ ಮೊದಲೇ ಬರುತ್ತದೆ. ಅಂಥವಳು ಮಗಳಿಗೆ ಇಂಚರಾ ಎಂದು ಹೆಸರಿಟ್ಟಳು, ಹಕ್ಕಿಯ ದನಿಯೇ ಬರಲಿ ಎಂದು, ಬರಲಿಲ್ಲ, ಆರನೆಯ ವರ್ಷದಿಂದ ಶುಂಠಿ, ಕಾಳುಮೆಣಸು, ಜ್ಯೇಷ್ಠಮಧು, ದಿನಾ ಬೆಳಿಗ್ಗೆ ಫ್ಲಾಸ್ಕಿನ ತುಂಬ, ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಏನೂ ತೊಂದರೆಯಿಲ್ಲ, ಇದು ಅವಳ ದನಿ ಅಷ್ಟೆ ಎಂದ ಮೇಲೂ, ಮಾರನೆಯ ಬೆಳಿಗ್ಗೆಯೂ ಕಷಾಯ, ಮಗು ಕಣ್ಣು ಮುಚ್ಚಿಕೊಂಡು ಕುಡಿಯುತ್ತಿತ್ತು.

ಅಮ್ಮಾ. ಹಿಂದಿನಿಂದ. ಏನು ಪುಟ್ಟೀ. ಬಟ್ ಐ ಡೋಂಟ್ ಹ್ಯಾವ್ ಎ ಕೋಲ್ಡ್. ಯಾರು ಹೇಳಿದ್ರು ನಿಂಗೆ ಕೋಲ್ಡ್ ಅಂತ. ಯೂ ಡಿಡ್, ಟು ವಿಮಲಾ ಆಂಟಿ. ಇಲ್ಲ, ಅದು ಹಾಗಲ್ಲ, ಅದನ್ನು ಹೇಳಿದ್ದು — ವಿಮಲಕ್ಕ ಆಗ ಏನೂ ಅಂದಿರಲಿಲ್ಲ, ದನಿ ಸೀಳಿದಾಗ ತಲೆಯೆತ್ತಿ ನೋಡಿದರು ಅಷ್ಟೆ, ಫೋನಿನ ಕಡೆ ಕೈ ಚಾಚಿದ್ದರು, ಬಹುಶಃ ಶ್ರುತಿ ಇಳಿಸುವುದಕ್ಕೇ, ಯಾರಿಗೆ ಗೊತ್ತು, ಅಷ್ಟರಲ್ಲಿ ಇವಳೇ, ಗೋಡೆಗೊರಗಿ ನಿಂತಿದ್ದ ಜಲಜಾಳೇ, ನಗುತ್ತ, ಮೊನ್ನೆಯಿಂದ ಅವ್ಳಿಗೆ ಗಂಟಲು ಕಟ್ಟಿದೆ ವಿಮಲಕ್ಕ ಎಂದಳು, ಹೌದಾ, ಮೊದ್ಲೇ ಹೇಳ್ಬಾರ್ದಾ ಮಾರಾಯ್ತಿ, ಪಾಪ, ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಎಷ್ಟು ಸಲೀಸಾಗಿ ಬಂತು ಮಾತು, ಕಲಿಸಿದವಳು ಅಮ್ಮ, ಹೆಣ್ಣು ನೋಡಲು ಬಂದವರು ಒಂದು ಹಾಡು ಹೇಳಮ್ಮ ಎಂದಾಗ ಅಮ್ಮ ಕೋಸಂಬರಿ ತಟ್ಟೆ ಮುಂದಿಡುತ್ತ, ಗಂಟಲು ಕಟ್ಟಿದೆ ಅವ್ಳಿಗೆ, ಇವಳು ತಲೆ ತಗ್ಗಿಸಿ ಕೆಮ್ಮಿದ್ದಳು, ಇಲ್ಲದ ಕೆಮ್ಮು, ಅಂದಿನಿಂದ ಹಾಡಿಲ್ಲ, ಸ್ನಾನದ ಮನೆಯಲ್ಲೂ ಇಲ್ಲ. ಇವತ್ತು ಗ್ಯಾರೇಜಿನಲ್ಲಿ ಮಗು ಕೆಮ್ಮಲಿಲ್ಲ. ತಾಯಿಯ ಮುಖ ನೋಡಿತು, ಆಮೇಲೆ ಫ್ಲಾಸ್ಕು ನೋಡಿತು.

ಇಂಚರಾ, ರೇಡಿಯೋದ ಈ ಹಾಡು ನಿಂಗೆ ಬರುತ್ತಲ್ಲ, ದಿನಾ ಕೇಳ್ತೀಯಲ್ಲ, ಹಾಡು, ಜೋರಾಗಿ, ಇಲ್ಲಿ ಯಾರೂ ಇಲ್ಲ. ಇಟ್ಸ್ ಫೈನ್, ಅಮ್ಮಾ. ಹಾಡೇ, ನನಗೋಸ್ಕರ — ಗಿಲ್‌ರಾಯ್‌ನ ಬೆಳ್ಳುಳ್ಳಿ ಕಾರ್ಖಾನೆಗಳ ವಾಸನೆ ಕಿಟಕಿ ಮುಚ್ಚಿದ್ದರೂ ಒಳಗೆ ಬರುತ್ತಿದೆ, ಊರು ಹತ್ತಿರವಾಯಿತು, ರೇಡಿಯೋದವಳು ಮತ್ತೆ ಪಲ್ಲವಿಗೆ ಬಂದಳು, ಕನ್ನಡಿಯಲ್ಲಿ ಮಗಳ ತುಟಿ ಅಲುಗಿತು, ಹಾಡುತ್ತಿದ್ದಾಳೆ, ಒಂದೊಂದು ಪದಕ್ಕೂ ಸರಿಯಾಗಿ, ಸಾಲಿನ ಕೊನೆಯಲ್ಲಿ ಕುತ್ತಿಗೆಯ ನರ ಕೂಡ ಉಬ್ಬಿದೆ, ಕೇಳಬೇಕು, ಆ ಸೀಳು ಕೇಳಬೇಕು, ಜಲಜಾ ರೇಡಿಯೋ ಸಣ್ಣ ಮಾಡಿದಳು, ಇನ್ನೂ ಸಣ್ಣ, ಪೂರ್ತಿ ಆರಿಸಿದಳು, ಟೈರಿನ ಸದ್ದು ಮಾತ್ರ ಉಳಿಯಿತು, ಕನ್ನಡಿಯಲ್ಲಿ ಆ ಬಾಯಿ, ತೆರೆದು ಮುಚ್ಚಿ, ತೆರೆದು ಮುಚ್ಚಿ