ತೊಟ್ಟಿಲ ಮೇಲಿನ ಕೋವಿ

"ಹದಿನೈದು ವರ್ಷಕ್ಕೇ ಸ್ಕೂಲಿಗೆ ಬೆನ್ನು ಹಾಕಿದ ಗೂಬೆ ಇದು! ನನಗೆ ಕೋವಿ ಪಾಠ ಹೇಳೋಕೆ ಬಂದಿದೆ ನೋಡ್ರಪ್ಪ. ಲೋ, ಗಜ ಹಾಕಿ ಅಳೀಬೇಕು ಅಂತೀಯಲ್ಲ, ಅಳತೆ ಓದೋಕಾದ್ರೂ ಬರುತ್ತೇನೋ ನಿಂಗೆ?"

ಫೆರ್ಮಿನ್ ಮೇಸ್ತ್ರಿ ಇದನ್ನು ಹನ್ನೊಂದು ಜನರ ಎದುರಿಗೆ ಹೇಳಿದರು. ಹನ್ನೊಂದು ಜನವೂ ನಕ್ಕರು. ಕೊಲ್ಡೊ ಅಂತೂ ನಗುತ್ತಾ ನಗುತ್ತಾ ಕೈಯಲ್ಲಿದ್ದ ಅರವನ್ನು ಕಾಲ ಮೇಲೆ ಬೀಳಿಸಿಕೊಂಡ. ಆಗಲಿ, ಅವನಿಗೆ ಅದೇ ಆಗಬೇಕಿತ್ತು.

ನಾನು ಹೇಳಿದ್ದು ಇಷ್ಟೇ: "ಮೇಸ್ತ್ರಿ, ಬೆಂಕಿ ಹಚ್ಚೋಕೆ ಮುಂಚೆ ಗಜದ ಕೋಲು ಇಳಿಸಿ ನಳಿಗೆ ಖಾಲಿ ಇದೆಯಾ ಅಂತ ಒಂದ್ಸಲ ನೋಡೋಣ." ಮೆಲ್ಲಗೇ ಹೇಳಿದ್ದೆ. ಮೂರು ಸಲ ಹೇಳಿದ್ದೆ.

ನನ್ನ ಹೆಸರು ಬೆನ್ಯಾಟ್. ನಮ್ಮದು ಎಯ್ಬಾರ್. ಈ ಊರಿನ ಮನೆಮನೆಯಲ್ಲೂ ಒಂದು ಕಾಲಕ್ಕೆ ಕೋವಿಯ ಒಂದಲ್ಲ ಒಂದು ಭಾಗ ತಯಾರಾಗುತ್ತಿತ್ತು. ಒಬ್ಬ ನಳಿಗೆ ಕೊರೆಯುತ್ತಿದ್ದ, ಇನ್ನೊಬ್ಬ ಹಿಡಿ ಕೆತ್ತುತ್ತಿದ್ದ, ಮತ್ತೊಬ್ಬ ಉಕ್ಕಿನ ಮೇಲೆ ಚಿನ್ನದ ಎಳೆ ಕೂರಿಸುತ್ತಿದ್ದ. ಈಗ ಕಾರ್ಖಾನೆಗಳು ಮುಚ್ಚಿವೆ. ಅಂಥ ಒಂದರ ನೆಲಮಾಳಿಗೆಯಲ್ಲಿ ನಾವು ಶನಿವಾರ ಬೆಳಿಗ್ಗೆ ಸೇರುತ್ತೇವೆ, ಮಧ್ಯಾಹ್ನ ಅಲ್ಲೇ ಬೇಯಿಸಿಕೊಂಡು ಒಟ್ಟಿಗೆ ಉಣ್ಣುತ್ತೇವೆ. ಸಂಬಳವಿಲ್ಲ, ಸಾಹೇಬನಿಲ್ಲ. ಗುಜರಿಗೆ ಹೋಗಬೇಕಿದ್ದ ಹಳೆಯ ಲೇತುಗಳನ್ನು ಎಳೆದು ತಂದು, ಬಿಚ್ಚಿ, ತೊಳೆದು, ಮತ್ತೆ ಓಡಿಸುತ್ತೇವೆ. ಅಟ್ಟದ ಮೇಲೆ ತುಕ್ಕು ಹಿಡಿದ ಕೋವಿಗಳನ್ನು ಉಳಿಸುತ್ತೇವೆ. ಇದೇ ನಮ್ಮ ಹುಚ್ಚು.

ಆ ಹುಚ್ಚು ಹೇಗಿರುತ್ತದೆ ಅಂದರೆ, ಛಾವಣಿಯ ಕೆಳಗಿನ ಉದ್ದನೆಯ ದಂಡ ಮೊದಲು ತಿರುಗುತ್ತದೆ. ಆಮೇಲೆ ಚರ್ಮದ ಪಟ್ಟಿಗಳು ಒಂದೊಂದಾಗಿ ಎಚ್ಚರಗೊಳ್ಳುತ್ತವೆ. ನೆಲ ಅಂಗಾಲಿನ ಕೆಳಗೆ ಗುಂಯ್ ಅನ್ನುತ್ತದೆ. ನೂರ ಮೂವತ್ತು ವರ್ಷದ ಒಂದು ಲೇತನ್ನು ನಾನು ಎರಡು ಚಳಿಗಾಲ ಕೂತು ಬದುಕಿಸಿದ್ದೇನೆ. ಅದರ ಹಿಡಿಯ ಮೇಲೆ ಒಂದು ಗುಳಿ ಇದೆ. ಯಾರೋ ಒಬ್ಬ ಜೀವಮಾನವಿಡೀ ಹೆಬ್ಬೆರಳು ಒತ್ತಿ ಒತ್ತಿ ಸವೆಸಿದ ಗುಳಿ. ನನ್ನ ಹೆಬ್ಬೆರಳು ಅಲ್ಲಿ ಸರಿಯಾಗಿ ಕೂರುತ್ತದೆ. ಇಂಥದ್ದನ್ನು ಯಾವ ಸ್ಕೂಲೂ ನನಗೆ ತೋರಿಸಿರಲಿಲ್ಲ.

ಅವತ್ತು ಬಂದ ಕೋವಿ ಶಿಶಿಲಿ ಅಕ್ಕನದು. ಅಕ್ಕ ಕೆಳಗಿನ ಬೀದಿಯಲ್ಲಿ ಬ್ರೆಡ್ಡಿನ ಅಂಗಡಿ ಇಟ್ಟವಳು. ಗುಡ್ಡದ ಮೇಲಿನ ಅವಳ ತವರುಮನೆಯ ಮಾಡು ಬಿಚ್ಚುವಾಗ ತೊಲೆಗೆ ಕಟ್ಟಿದ್ದನ್ನು ಇಳಿಸಿದರಂತೆ. ಒಂಟಿ ನಳಿಗೆಯ ಕೇಪಿನ ಕೋವಿ. ಬಾಯಿಂದ ಮದ್ದು ಸುರಿದು, ಗುಂಡು ಹಾಕಿ, ಗಜ ಅನ್ನುವ ಉದ್ದ ಕೋಲಿನಿಂದ ಜಡಿಯುವ ಜಾತಿ. ನೂರೈವತ್ತು ವರ್ಷದ ಹಿಂದೆ ನಮ್ಮ ಗುಡ್ಡಗಳಲ್ಲಿ ನಡೆದ ಯುದ್ಧದ ಕಾಲದ್ದಿರಬೇಕು. ಎಣ್ಣೆಬಟ್ಟೆಯಿಂದ ಒರೆಸಿದರೆ ತುಕ್ಕಿನಡಿಯಿಂದ ನೀರಿನ ಅಲೆಯಂಥ ಗೆರೆಗಳು ಮೇಲೆದ್ದವು. ಕಬ್ಬಿಣದ ಪಟ್ಟಿಯನ್ನು ಸುರುಳಿ ಸುತ್ತಿ ಬಡಿದು ಮಾಡಿದ ನಳಿಗೆ. ಬರೀ ಸುತ್ತಿಗೆ, ಬೆಂಕಿ ಮತ್ತು ಕಣ್ಣಳತೆಯಿಂದ ಮಾಡಿದ್ದು. ಎಲ್ಲರೂ ಬಗ್ಗಿ ನೋಡುತ್ತಾ ನಿಂತುಬಿಟ್ಟೆವು.

ತೊಂದರೆ ಇದ್ದದ್ದು ನಳಿಗೆಯ ಹಿಂಬದಿಯನ್ನು ಮುಚ್ಚುವ ಬಿರಡೆಯಲ್ಲಿ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅದನ್ನು ಬಿಚ್ಚಬೇಕಾದರೆ ಕಾಯಿಸಬೇಕು ಎಂದರು ಮೇಸ್ತ್ರಿ. ನಳಿಗೆಯನ್ನು ವೈಸಿನಲ್ಲಿ ಬಿಗಿದು ಗ್ಯಾಸಿನ ಉರಿ ತರಲು ಹೇಳಿದರು. ನಳಿಗೆಯ ಬಾಯಿ ಬಾಗಿಲ ಕಡೆಗಿತ್ತು. ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಶಿಶಿಲಿ ಅಕ್ಕ ಕೂತಿದ್ದಳು.

"ಮೇಸ್ತ್ರಿ, ಒಳಗೆ ಮದ್ದಿದ್ರೆ? ಗಜ ಹಾಕಿ ನೋಡೋಣ," ಎಂದೆ.

"ಮದ್ದಂತೆ! ಬಾ ಇಲ್ಲಿ, ಕೇಳು." ಮೇಸ್ತ್ರಿ ಮರದ ಕೊಡತಿಯಿಂದ ನಳಿಗೆಯನ್ನು ತಟ್ಟಿದರು. ಟಣ್ ಎಂದು ಗಂಟೆಯ ಹಾಗೆ ನಾದ ಎದ್ದು ಗೋಡೆಗೆ ತಾಗಿ ಬಂತು. "ಕೇಳಿಸ್ತಾ? ಐವತ್ತು ವರ್ಷ ನಳಿಗೆ ಮಾಡಿದ ಕಿವಿ ಇದು. ತುಂಬಿದ ಬಿಂದಿಗೆ ಹೀಗೆ ಹಾಡಲ್ಲ ಮಗನೇ."

ನಮ್ಮೂರಿನ ರೋಗವೇ ಇದು. ನಳಿಗೆ ಬಿರುಕು ಬಿಟ್ಟಿದೆಯೋ ಇಲ್ಲವೋ ಎಂದು ನಾದದಿಂದ ಹೇಳುತ್ತಾರೆ. ನಿಜ, ಹೇಳುತ್ತಾರೆ, ನಾನೇ ಕಂಡಿದ್ದೇನೆ. ಆದರೆ ಆ ನಾದ ಒಳಗೇನಿದೆ ಅಂತ ಹೇಳುವುದಿಲ್ಲ. ತಳದಲ್ಲಿ ನಾಲ್ಕು ಬೆರಳು ಮದ್ದಿದ್ದರೂ ಉಳಿದ ಉದ್ದವೆಲ್ಲ ಖಾಲಿಯಲ್ಲವೇ? ಅದು ಹಾಡಿಯೇ ಹಾಡುತ್ತದೆ.

ಶಿಶಿಲಿ ಅಕ್ಕನೂ ಅವರ ಕಡೆಗೇ. "ಅಯ್ಯೋ ಬೆನ್ಯಾಟ್, ಸುಮ್ನಿರೋ. ಅದು ನಮ್ಮ ತೊಟ್ಟಿಲ ಮೇಲೇ ಇದ್ದಿದ್ದು. ನಾವು ಏಳು ಜನ ಮಕ್ಕಳೂ ಅದರ ಕೆಳಗೇ ಮಲಗಿ ಬೆಳೆದ್ವಿ. ಕುರ್ಚಿ ಹತ್ತಿ ಕೋವಿಯ ಕುದುರೆ ಎಳೆದು ಟಕ್ ಟಕ್ ಅನ್ನಿಸ್ತಿದ್ವಿ. ಒಂದ್ಸಲಾನೂ ಏನೂ ಆಗಿಲ್ಲ."

"ಕಿಡಿ ಕೊಡೋ ಕೇಪು ಇರಲಿಲ್ಲ ಅಕ್ಕ. ಅದಕ್ಕೇ ಆಗಿಲ್ಲ."

"ಇದ್ರೂ ನೂರೈವತ್ತು ವರ್ಷದ ಮದ್ದು ಮಣ್ಣಾಗಿರುತ್ತೆ," ಎಂದು ಮೇಸ್ತ್ರಿ ಉರಿಯ ಕೊಳವೆ ಎತ್ತಿಕೊಂಡರು. ನಾನು ಮತ್ತೆರಡು ಸಲ ಗಜ ಅಂದೆ. ಮೇಲೆ ಬರೆದೆನಲ್ಲ, ಆ ಗೂಬೆಯ ಮಾತು ಬಂದದ್ದು ಆಗ.

ನನಗೆ ತಲೆ ಕಾದುಹೋಯಿತು. ಹೋಗಿ ಸಿಲಿಂಡರಿನ ತಿರುಪು ಮುಚ್ಚಿ, ಅದರ ಕೀಲಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡೆ.

"ಸಾಯಬೇಕು ಅಂದ್ರೆ ನೀವೊಬ್ರೇ ಸಾಯ್ರಿ! ಬಾಗಿಲಲ್ಲಿ ಕೂತಿರೋ ಹೆಂಗಸು ಏನ್ ಮಾಡಿದಾಳೆ ನಿಮಗೆ?" ಎಂದು ಕಿರುಚಿದೆ.

"ಕೊಡೋ ಕೀಲಿ!"

"ಕೊಡಲ್ಲ!"

ಅಷ್ಟರಲ್ಲಿ ಗಾರ್ಬಿನ್ಯೆ ಅಜ್ಜಿ ಬಂದರು. ಊರಿನಲ್ಲಿ ತಯಾರಾದ ಕೋವಿಗಳಿಗೆಲ್ಲ ಮದ್ದು ತುಂಬಿ, ಸಿಡಿಸಿ, ಗಟ್ಟಿ ಇದ್ದರೆ ಮುದ್ರೆ ಒತ್ತುವ ಪರೀಕ್ಷೆಯ ಮನೆಯಲ್ಲಿ ಮೂವತ್ತೆಂಟು ವರ್ಷ ದುಡಿದು ನಿವೃತ್ತರಾದವರು. ಒಂದು ಕಿವಿ ಆ ಕೆಲಸಕ್ಕೇ ಹೋಗಿದೆ. ಇನ್ನೊಂದು ಕಿವಿಯಲ್ಲಿ ನಮ್ಮ ಕೂಗಾಟವನ್ನೆಲ್ಲ ಕೇಳಿಸಿಕೊಂಡರು. ಮೊದಲು ಶಿಶಿಲಿ ಅಕ್ಕನ ಕೈ ಹಿಡಿದೆಬ್ಬಿಸಿ ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಎಳೆದರು. ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು.

"ಫೆರ್ಮಿನ್, ಪಂದ್ಯ ಕಟ್ತೀಯಾ?"

ನಮ್ಮ ಜನ ಮರ ಕಡಿಯೋದಕ್ಕೂ ಪಂದ್ಯ, ಕಲ್ಲು ಎತ್ತೋದಕ್ಕೂ ಪಂದ್ಯ. ನಾಳೆ ಮಳೆ ಬರುತ್ತೋ ಇಲ್ಲವೋ ಅದಕ್ಕೂ ಪಂದ್ಯ. ನಾಲ್ಕು ಜನರ ಎದುರು ಒಡ್ಡಿದ ಪಂದ್ಯಕ್ಕೆ ಹಿಂದೆ ಸರಿದವನು ಮತ್ತೆ ಅವರ ಜೊತೆ ಊಟದ ಮೇಜಿಗೆ ಬರಲಾರ.

"ಏನ್ ಪಂದ್ಯ?"

"ಗಜ ತಳ ಮುಟ್ಟಿದ್ರೆ ಒಂದು ವರ್ಷ ಶನಿವಾರದ ಅಡುಗೆ ನಂದು, ಪಾತ್ರೆ ತೊಳೆಯೋದೂ ನಂದೇ. ಮುಟ್ಟಲಿಲ್ಲ ಅಂದ್ರೆ ನಿಂದು. ಗಜ ಬೇರೆ ಯಾರೂ ಹಾಕೋದು ಬೇಡ, ನೀನೇ ಹಾಕು."

"ಸಾಕ್ಷಿ ನಾನು!" ಎಂದು ಕೊಲ್ಡೊ ಕುಂಟುತ್ತಾ ಮುಂದೆ ಬಂದ.

ನೋಡಿ, ಇದಕ್ಕೇ ನನಗೆ ಇವತ್ತಿಗೂ ಮೈ ಉರಿಯುವುದು. ಮನುಷ್ಯರ ಜೀವ ಅಂದಾಗ ಕೇಳದ ಕಿವಿ ಪಂದ್ಯ ಅಂದಾಗ ಕೇಳಿತು.

ಮೇಸ್ತ್ರಿ ಮರದ ಗಜ ತಂದರು. ಅಜ್ಜಿ ಒಂದೊಂದೇ ಹೇಳಿಕೊಟ್ಟರು. "ಮುಖ ಬಾಯಿಯ ಎದುರಿಗೆ ತರಬೇಡ, ಪಕ್ಕಕ್ಕೆ ನಿಲ್ಲು. ಮೆಲ್ಲಗೆ ಇಳಿಸು, ಕುಟ್ಟಬೇಡ. ನಿಂತಿತಾ? ನಳಿಗೆಯ ತುದಿ ಎಲ್ಲಿದೆಯೋ ಅಲ್ಲಿ ಗಜದ ಮೇಲೆ ಸೀಮೆಸುಣ್ಣದ ಗೆರೆ ಹಾಕು. ಈಗ ಹೊರಗೆ ತೆಗೆದು ಅದೇ ಗೆರೆಯನ್ನ ನಳಿಗೆಯ ತುದಿಗೆ ಹೊಂದಿಸಿ, ಹೊರಗಡೆಯಿಂದ ಪಕ್ಕಕ್ಕಿಡು. ಎಲ್ಲಿಗೆ ಬಂತು?"

ಖಾಲಿ ಕೋವಿಯಾದರೆ ಗಜದ ತುದಿ ಕೇಪು ಕೂರುವ ಮೊಳೆಯವರೆಗೆ ಬರಬೇಕು. ಬರಲಿಲ್ಲ. ಪೂರಾ ನಾಲ್ಕು ಬೆರಳು ಹಿಂದೆಯೇ ನಿಂತಿತ್ತು.

ಮೇಸ್ತ್ರಿ ಮತ್ತೊಮ್ಮೆ ಹಾಕಿದರು. ನಾಲ್ಕು ಬೆರಳು. ಮೂರನೆಯ ಸಲವೂ ಅಷ್ಟೇ.

"ಇಲಿಗೂಡಿರಬೇಕು," ಎಂದರು, ದನಿ ಇಲ್ಲದ ದನಿಯಲ್ಲಿ.

"ಇರಬಹುದು. ಇಲಿಗೂಡೇ ಆಗಲಿ ಅಂತ ನಾನೂ ಬೇಡ್ಕೋತೀನಿ," ಎಂದು ಅಜ್ಜಿ ಪರೀಕ್ಷೆಯ ಮನೆಗೆ ಫೋನು ಮಾಡಿದರು.

ಅಲ್ಲಿಂದ ಬಂದಾತ ಮೊದಲು ನಳಿಗೆಯನ್ನು ಹೊರಗೆ ಅಂಗಳಕ್ಕೊಯ್ದು, ಬಾಯನ್ನು ಮಣ್ಣಿನ ದಿಬ್ಬದ ಕಡೆಗೆ ಮಾಡಿ ಸ್ವಲ್ಪ ಎತ್ತರಿಸಿ ಮಲಗಿಸಿದ. ಒಳಗೆ ನೀರು ತುಂಬಿಸಿದ. ಒಳಗಿರುವುದನ್ನು ಕಚ್ಚಿ ಎಳೆಯುವ ತಿರುಪು ಅವನ ಹತ್ತಿರ ಇತ್ತು, ಆದರೆ ಈ ನಳಿಗೆಯ ಬಾಯಿಗೆ ದಪ್ಪವಾಯಿತು. "ಹಿತ್ತಾಳೆಯಲ್ಲಿ ಸಣ್ಣದೊಂದು ಬೇಕಲ್ಲ. ಉಕ್ಕು ಬೇಡ, ಕಿಡಿ ಹಾರುತ್ತೆ," ಎಂದ. ಒಳಗೆ ಹೋಗಿ ಪಟ್ಟಿ ಎಳೆದೆ. ಹಳೆಯ ಲೇತು ಎದ್ದಿತು. ಹಿತ್ತಾಳೆ ಚಿನ್ನದ ಕೂದಲಿನ ಹಾಗೆ ಸುರುಳಿ ಸುರುಳಿಯಾಗಿ ಬಿತ್ತು. ಆ ಕೋವಿ ಹುಟ್ಟಿದ ಸ್ವಲ್ಪ ಕಾಲಕ್ಕೇ ಹುಟ್ಟಿದ ಯಂತ್ರ ಈಗ ಅದಕ್ಕೆ ಔಷಧ ಮಾಡುತ್ತಿದೆ ಅನ್ನಿಸಿತು. ಅರ್ಧ ಗಂಟೆಗೆ ತಿರುಪು ಸಿದ್ಧ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಒಳಗೆ ಇಳಿಯಿತು.

ಮೊದಲು ಬಂದದ್ದು ಮಡಿಸಿ ತುರುಕಿದ ಕಾಗದದ ಉಂಡೆ. ಆಮೇಲೆ ಸೀಸದ ಗುಂಡು, ಗೋಲಿಯಷ್ಟು ದಪ್ಪ, ಬೂದಿ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಮದ್ದು. ಹೊರಗಿನದು ನೀರು ಕುಡಿದು ಕೆಸರಾಗಿತ್ತು. ಜಡಿದು ಜಡಿದು ಕಲ್ಲಾಗಿದ್ದ ಮಧ್ಯಭಾಗಕ್ಕೆ ಮಾತ್ರ ನೀರು ಹೋಗಿರಲಿಲ್ಲ. ಕಡಲೆಕಾಳಿನಷ್ಟು ಒಣಮದ್ದು.

ಆತ ಅದನ್ನು ಕಲ್ಲಿನ ಮೇಲಿಟ್ಟ. ನಮ್ಮನ್ನೆಲ್ಲ ದೂರ ನಿಲ್ಲಿಸಿದ. ಉದ್ದದ ಕೋಲಿನ ತುದಿಗೆ ಬೆಂಕಿ ಕಟ್ಟಿ ಚಾಚಿದ.

ಭುಸ್ಸೆಂದಿತು! ಬಿಳಿಯ ಬೆಳಕು ಒಂದು ಕ್ಷಣ ಎಲ್ಲರ ಮುಖದ ಮೇಲೂ ಬಿತ್ತು. ದಪ್ಪ ಹೊಗೆ ಮೇಲೆದ್ದು, ಕೊಳೆತ ಮೊಟ್ಟೆಯ ವಾಸನೆ ಅಂಗಳ ತುಂಬಿತು.

ಯಾವನೋ ಒಬ್ಬ ಹುಡುಗ ಯುದ್ಧಕ್ಕೆಂದು ತುಂಬಿದವನು, ಹೊಡೆಯುವುದಕ್ಕೆ ಮೊದಲೇ ಮನೆಗೆ ಬಂದಿರಬೇಕು. ತೊಲೆಗೆ ಕಟ್ಟಿ ಮರೆತ. ಅವನು ಸತ್ತ, ಅವನ ಮಕ್ಕಳು ಸತ್ತರು, ಮೊಮ್ಮಕ್ಕಳೂ ಸತ್ತರು. ಮದ್ದು ಮಾತ್ರ ಸಾಯಲಿಲ್ಲ. ಕಣ್ಣುಮುಚ್ಚದೆ ಕಾದು ಕೂತಿತ್ತು.

ಶಿಶಿಲಿ ಅಕ್ಕ ನೆಲದ ಮೇಲೆ ಕೂತುಬಿಟ್ಟಳು. "ಏಳು ಜನ," ಎಂದಳು. "ಏಳು ಜನ ಮಕ್ಕಳೋ ಬೆನ್ಯಾಟ್. ನಮ್ಮಮ್ಮ ಅದರ ಕೆಳಗೆ ಜೋಗುಳ ಹಾಡ್ತಿದ್ಲು."

ನಾನೂ ಅವಳ ಪಕ್ಕದಲ್ಲಿ ನೆಲದ ಮೇಲೆ ಕೂತೆ.

ಈಗ ನಿಮ್ಮ ಮಾತಿಗೆ ಬರುತ್ತೇನೆ, ಇದನ್ನು ಓದುತ್ತಿರುವ ನಿಮ್ಮ ಮಾತಿಗೆ. ನಿಮ್ಮ ಅಟ್ಟದ ಮೇಲೆ, ದೇವರಕೋಣೆಯ ಮೂಲೆಯಲ್ಲಿ, ಹಳೇ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಕೋವಿ ಇದೆಯೇ? ಅದು ತುಂಬಿದೆ ಎಂದೇ ತಿಳಿಯಿರಿ. "ನಮ್ಮಪ್ಪ ಖಾಲಿ ಅಂದಿದ್ದ" ಅನ್ನಬೇಡಿ. ನಿಮ್ಮಪ್ಪನಿಗೂ ಅವರಪ್ಪ ಹಾಗೇ ಅಂದಿರುತ್ತಾನೆ, ಯಾರೂ ನೋಡಿರುವುದಿಲ್ಲ. ಅದರ ಕುದುರೆ ಎಳೆಯಬೇಡಿ, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಯಬೇಡಿ. ತುಕ್ಕು ಬಿಡಿಸುತ್ತೇನೆಂದು ಉರಿ ಹಿಡಿಯುವುದು, ವೆಲ್ಡಿಂಗು, ಡ್ರಿಲ್ಲು ಯಾವುದೂ ಬೇಡ. ಅಜ್ಜಿ ಹೇಳಿದ ಹಾಗೆ ಗಜ ಇಳಿಸಿ ಅಳೆಯಬಲ್ಲವರಿದ್ದರೆ ಅಳೆಯಲಿ. ಗಜ ಕಡಿಮೆ ಬಿತ್ತೋ, ಅಲ್ಲಿಗೆ ನಿಲ್ಲಿಸಿ. ಬಾಯಿ ಯಾರ ಕಡೆಗೂ ಇಲ್ಲದಂತೆ ಮಲಗಿಸಿ, ಮನೆಯವರನ್ನು ದೂರ ಕಳಿಸಿ, ಲೈಸೆನ್ಸ್ ಇರುವ ಕೋವಿ ರಿಪೇರಿಯವರನ್ನೋ ಪೊಲೀಸರನ್ನೋ ಕರೆಯಿರಿ. ಒಳಗಿರುವುದನ್ನು ನೀವೇ ತೆಗೆಯಲು ಹೋಗಬೇಡಿ. ನಾವೂ ಹೋಗಲಿಲ್ಲ, ಇಡೀ ಊರೇ ಕೋವಿ ಮಾಡುವವರಾಗಿದ್ದರೂ. ಮತ್ತೆ, ಎಚ್ಚರಿಕೆ ಹೇಳುವವನು ಎಷ್ಟು ಓದಿದ್ದಾನೆ ಅಂತ ಕೇಳಬೇಡಿ. ಮದ್ದು ಅದನ್ನು ಕೇಳುವುದಿಲ್ಲ.

ಮುಂದಿನ ಶನಿವಾರ ಮೇಸ್ತ್ರಿ ಏಪ್ರನ್ ಕಟ್ಟಿಕೊಂಡು ಕರಿಯ ಬೀನ್ಸಿನ ಸಾರು ಮಾಡಿದ್ದರು. ಪಂದ್ಯ ಅಂದರೆ ಪಂದ್ಯ. ಬೆಳಿಗ್ಗೆ ಬಾಗಿಲ ಪಕ್ಕದಲ್ಲಿ ಗಜವನ್ನು ತೂಗುಹಾಕಿದ್ದೂ ಅವರೇ. ಯಾರು ಯಾವ ಕೋವಿ ತಂದರೂ ಒಳಗೆ ಬರುವ ಮೊದಲೇ ಅಳೆಯಬೇಕು ಎಂದು ಆಜ್ಞೆ ಹೊರಡಿಸಿದ್ದೂ ಅವರೇ. ಒಪ್ಪುತ್ತೇನೆ, ಮನುಷ್ಯ ಬದಲಾಗಿದ್ದರು. ಹನ್ನೊಂದು ಜನಕ್ಕೂ ಬಡಿಸಿ ಕೊನೆಗೆ ನನ್ನ ಹತ್ತಿರ ಬಂದರು. ಸೌಟು ಕೈಯಲ್ಲೇ ಇತ್ತು. ಎಲ್ಲರಿಗೂ ಕೇಳುವ ಹಾಗೆ ಗಂಟಲು ಸರಿಮಾಡಿಕೊಂಡರು.

"ನೋಡು ಬೆನ್ಯಾಟ್, ನೀನು ಹೇಳಿದ್ದೇ ಸರಿ ಇತ್ತು. ನಾನು ಇಲ್ಲ ಅನ್ನಲ್ಲ. ಆದ್ರೆ ಹಾಗೆ ಕಿರುಚಬಾರದಿತ್ತು ಕಣಪ್ಪ. ಮೆಲ್ಲಗೆ ಒಂದು ಮಾತು ಹೇಳಿದ್ರೆ ನಾನು ಕೇಳ್ತಿರಲಿಲ್ವಾ?"

ಹನ್ನೊಂದು ಜನವೂ ನನ್ನ ಮುಖ ನೋಡಿದರು. ಮೆಲ್ಲಗೆ ಮೂರು ಸಲ ಹೇಳಿದ್ದನ್ನು ಕೇಳಿದವರೇ ಅವರು.

ನಾನು ತಟ್ಟೆಯನ್ನು ಮೇಜಿನ ಮೇಲಿಟ್ಟೆ. ಕೋಟು ಹಾಕಿಕೊಂಡೆ. ಬಾಗಿಲು ದಾಟಿ ಬೀದಿಗಿಳಿದು ನಡೆದೆ.