ಹೆಸರು ಕೇಳುವ ಬಂಡೆಪ್ಪನವರು

ಸಭಾಕೊಠಡಿಯ ಗೋಡೆಯಗಲದ ಪರದೆಯ ಮೇಲೆ, ತಮ್ಮ ಹೆಸರು ಬರೆಯಬೇಕಾದ ಚೌಕದಲ್ಲಿ ಬಂಡೆಪ್ಪನವರು ತಮ್ಮ ಪಾಸ್‌ವರ್ಡನ್ನೇ ಟೈಪು ಮಾಡಿಬಿಟ್ಟ ಆ ಸೋಮವಾರ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಚುಕ್ಕೆಗಳ ಮರೆಯಲ್ಲಿ ಮಾನವಾಗಿ ಬಾಳಬೇಕಿದ್ದ ಆ ಗುಟ್ಟು, ಗೇಣುದ್ದದ ಇಂಗ್ಲಿಷ್ ಅಕ್ಷರಗಳಲ್ಲಿ ‘ಬದನಿಕಾಯಿ’ ಎಂದು ಎಲ್ಲರೆದುರು ಬಯಲಾಯಿತು. ಕನ್ನಡ ಬಲ್ಲ ನಾವು ಕೆಲವರು ಮೇಜಿನಡಿ ಬೀಳದ ಪೆನ್ನು ಹುಡುಕತೊಡಗಿದೆವು. ಕನ್ನಡವರಿಯದ ಮುಖ್ಯ ವ್ಯವಸ್ಥಾಪಕರು ಮಾತ್ರ ಅದನ್ನೂ ಒಂದು ಬಿಡಿಭಾಗದ ಹೆಸರೆಂದೇ ಬಗೆದು, ದಾಸ್ತಾನಿನಲ್ಲಿದೆಯೇ ಎಂದು ಹಿಂದಿಯಲ್ಲಿ ಗಂಭೀರವಾಗಿ ವಿಚಾರಿಸಿದರು. ಬಂಡೆಪ್ಪನವರು ರೆಪ್ಪೆ ಬಡಿಯದೆ ಹೇಳಿದರು: “ನಿಲ್, ಸರ್.”

ತೆಲುಗು ನಾಡಿನಲ್ಲಿ, ಕುಷಾಯಿಗೂಡದ ಆಚೆಗೆ, ಅಳತೆಯ ಮೀಟರುಗಳನ್ನು ಜೋಡಿಸುವ ನಮ್ಮ ಕಾರ್ಖಾನೆಯಲ್ಲಿ ಅವರು ಉಗ್ರಾಣದ ಅಧಿಕಾರಿ. ಉಗ್ರಾಣದಲ್ಲಿದ್ದೂ ಉಗ್ರರಲ್ಲದವರು, ಹೆಸರಿನಲ್ಲಿ ಬಂಡೆಯಿದ್ದರೂ ನಡಿಗೆಯಲ್ಲಿ ಬಂಡಿ. ಬೂದುಬಣ್ಣದ ಸಫಾರಿಯ ಜೇಬುಗಳಲ್ಲಿ ಕೀಲಿಗಳ ಗೊಂಚಲು ಹೊತ್ತು, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತ, ಎತ್ತಿನ ಕೊರಳ ಗೆಜ್ಜೆಯಂತೆ ಸದ್ದು ಮಾಡುತ್ತ ಅವರು ಬರುವುದು ಮೂರು ಷೆಡ್ಡುಗಳಾಚೆಗೂ ಕೇಳುತ್ತಿತ್ತು. ಉಗ್ರಾಣದ ಕಿಟಕಿಗೆ ಯಾರೇ ಬರಲಿ, ನಿನ್ನೆ ಜೊತೆಗೆ ಕೂತು ರೊಟ್ಟಿ ತಿಂದವನೇ ಬರಲಿ, ಮೊದಲ ಪ್ರಶ್ನೆ ಒಂದೇ: “ಯಾರ್ರಿ ತಾವು?” ಹೆಸರು, ವಿಭಾಗ, ಬಂದ ಕಾರಣ ಇಷ್ಟನ್ನೂ ಬಾಯಿಬಿಟ್ಟು ಹೇಳಿದ ಮೇಲೆಯೇ ಒಂದು ಮೊಳೆಗೂ ಬಿಡುಗಡೆ. ಈ ಅಭ್ಯಾಸ ಮಲ್ಕಾಜ್‌ಗಿರಿಯ ಮನೆಯವರೆಗೂ ಹರಿದಿತ್ತು. ಸಂಜೆ ಬಾಗಿಲು ಬಡಿದು “ನಾನು, ಬಂಡೆಪ್ಪ” ಎಂದು ತಾವಾಗಿಯೇ ವರದಿ ಒಪ್ಪಿಸುವರು. ಒಳಗಿನಿಂದ ಅವರ ಪತ್ನಿ ಗಿರಿಜಾಬಾಯಿ, “ಯಾವ ಬಂಡೆಪ್ಪ? ಕೆಲಸ ಏನೈತಿ?” ಎಂದು ವಿಚಾರಿಸಿಯೇ ಚಿಲಕ ತೆಗೆಯುವರು. ಆ ದಾಂಪತ್ಯದ ಸರಸವೆಲ್ಲ ಆ ಚಿಲಕದ ಆಸುಪಾಸಿನಲ್ಲೇ ಇತ್ತೆಂದು ನನ್ನ ಗುಮಾನಿ.

ಇಂಥವರಿಗೆ ತಕ್ಕಂತೆಯೇ ಇತ್ತು ಅವರ ದಾಸ್ತಾನು ವರದಿಯ ಎಕ್ಸೆಲ್ ಫೈಲು. ಷೆಡ್ಡಿಗೊಂದು ಕೀಲಿ ಇರುವಂತೆ ಷೆಡ್ಡಿಗೊಂದು ಹಾಳೆ ಮಾಡಿ, ಒಂದೊಂದನ್ನೂ ಬೇರೆಬೇರೆಯಾಗಿ ಕೇಂದ್ರದ ಡೇಟಾಬೇಸಿಗೆ ಜೋಡಿಸಿದ್ದರು. ಸೋಮವಾರದ ಸಭೆಯಲ್ಲಿ ಹೊಸ ಅಂಕಿಗಳನ್ನು ತರಿಸಲು ಗುಂಡಿ ಒತ್ತಿದರೆ ಸಾಕು, ಪ್ರತಿ ಹಾಳೆಯೂ ಎದ್ದು ನಿಂತು ‘ನೀನು ಯಾರು, ನಿನ್ನ ಗುಟ್ಟೇನು’ ಎಂದು ಕೇಳುತ್ತಿತ್ತು. ಬಂಡೆಪ್ಪನವರು ಅಪರಾಧಿಯ ವಿನಯದಿಂದ ತೋರುಬೆರಳೊಂದರಲ್ಲೇ ಉತ್ತರ ಕುಟ್ಟುತ್ತಿದ್ದರು. ಪರದೆಯ ಮೇಲೆ ಪ್ರಶ್ನೆಯ ಒಂದು ಡಬ್ಬಿ ಮುಚ್ಚಿದರೆ ಇನ್ನೊಂದು ಡಬ್ಬಿ. ಆ ಬಿಡುವಿನಲ್ಲಿ ಇರಾನಿ ಚಹಾ ಬರುತ್ತಿತ್ತು, ಉಸ್ಮಾನಿಯಾ ಬಿಸ್ಕತ್ತು ಅದರಲ್ಲಿ ಮುಳುಗುತ್ತಿತ್ತು, ಹಿಂದಿನ ವಾರ ಜಗಳವಾಡಿದವರು ಮಗಳ ಮದುವೆಯ ಮಾತೆತ್ತಿ ರಾಜಿಯಾಗುತ್ತಿದ್ದರು.

ಆದರೆ ಬದನೆಕಾಯಿಯ ದಿನ ಮುಖ್ಯ ವ್ಯವಸ್ಥಾಪಕರ ತಾಳ್ಮೆಯೂ ನಿಲ್ ಆಯಿತು. ಮುಂದಿನ ಸೋಮವಾರ ಆ ಡಬ್ಬಿ ಒಂದು ಸಲ ಎದ್ದರೂ ವರದಿಯನ್ನು ಯೋಜನಾ ವಿಭಾಗಕ್ಕೆ ವಹಿಸುತ್ತೇನೆಂದು ಎಲ್ಲರ ಮುಂದೆಯೇ ಹೇಳಿಬಿಟ್ಟರು. ವರದಿ ಹೋದರೆ ಸಭೆಯ ಕುರ್ಚಿಯೂ ಹೋಗುತ್ತದೆ. ನಿವೃತ್ತಿಯ ಅಂಚಿನಲ್ಲಿದ್ದ ಬಂಡೆಪ್ಪನವರಿಗೆ ದೊಡ್ಡವರ ಸಾಲಿನಲ್ಲಿದ್ದದ್ದು ಅದೊಂದೇ ಕುರ್ಚಿ.

ದಾವಣಗೆರೆ ಕಡೆಯಿಂದ ಬಂದು ಕಂಪ್ಯೂಟರ್ ವಿಭಾಗ ಸೇರಿದ್ದ ಮಾನಸಾ ಮರುದಿನವೇ ಪರಿಹಾರ ತಂದಳು. ಪಾಸ್‌ವರ್ಡನ್ನು ಹಾಳೆಯಲ್ಲೇ ಉಳಿಸಿಡಬಹುದು, ಆದರೆ ಆ ಫೈಲು ಸಿಕ್ಕವರಿಗೆಲ್ಲ ಅದೂ ಸಿಕ್ಕೀತು. ಅದಕ್ಕಿಂತ ಬೇರೆ ದಾರಿಯಿದೆ ಎಂದಳು.

“ಬೆಳಿಗ್ಗೆ ಕಂಪ್ಯೂಟರ್ ತೆಗೆಯುವಾಗಲೇ ನೀವು ಯಾರು ಅಂತ ಹೇಳಿರ್ತೀರಲ್ಲ ಸರ್. ಆ ಗುರುತನ್ನೇ ಡೇಟಾಬೇಸೂ ಒಪ್ಪೋ ಹಾಗೆ ಮಾಡ್ತೀನಿ. ಮತ್ತೆ ಕೇಳೋದೇ ಇಲ್ಲ.”

“ಗುರ್ತಿನವ್ರ ಅದಾರಂತ ಕೇಳದಾಂಗ ಒಳಗ ಬಿಟ್ರ ಅದು ಸ್ಟೋರ್ ಅಲ್ಲವಾ ತಂಗಿ, ಧರ್ಮಶಾಲಾ ಆಗ್ತೈತಿ” ಎಂದರು ಬಂಡೆಪ್ಪನವರು.

ವಾರವಿಡೀ ಅವಳು ಬಂದಳು, ವಾರವಿಡೀ ಅವರು ಹಿಂದಕ್ಕೆ ಕಳಿಸಿದರು. ಕ್ಯಾಂಟೀನಿನಲ್ಲಿ ನಾವು ನಿಟ್ಟುಸಿರಿಟ್ಟೆವು: ಮನುಷ್ಯ ಕುರ್ಚಿ ಬಿಟ್ಟಾನು, ನೇಮ ಬಿಡಲಾರ. ಆದರೆ ಸೋಮವಾರ ಸಭೆ ಸೇರಿತು. ಬಂಡೆಪ್ಪನವರು ಗುಂಡಿ ಒತ್ತಿದರು. ಯಾವ ಡಬ್ಬಿಯೂ ಏಳಲಿಲ್ಲ. ಅಂಕಿಗಳು ತೆಪ್ಪಗೆ ಬಂದು ತಮ್ಮತಮ್ಮ ಮನೆಗಳಲ್ಲಿ ಕೂತವು. ಅಂದು ಮುಂಜಾನೆ ಅವರೇ ಮಾನಸಾಳ ಮೇಜಿನ ಬಳಿ ನಿಂತು, “ಮಾಡಿಬಿಡವಾ” ಎಂದಿದ್ದರಂತೆ.

ಕುರ್ಚಿ ಉಳಿಯಿತು. ಸಭೆ ಮಾತ್ರ ಚಹಾ ಬರುವ ಮೊದಲೇ ಮುಗಿಯತೊಡಗಿತು. ಜಗಳಗಳು ರಾಜಿಗೆ ಪುರುಸೊತ್ತಿಲ್ಲದೆ ಹಾಗೆಯೇ ಹಳಸಿದವು. ಬಂಡೆಪ್ಪನವರು ನಿವೃತ್ತರಾದ ಮೇಲೆ ಉಗ್ರಾಣದ ಕಿಟಕಿಗೂ ಕಾರ್ಡು ತೋರಿಸಿದರೆ ಚಕ್ಕನೆ ಹಸಿರಾಗುವ ದೀಪ ಬಂದಿದೆ. ಫೋನು ಮುಖ ನೋಡಿ ತೆರೆದುಕೊಳ್ಳುತ್ತದೆ, ಮೆಟ್ರೋದ ಬಾಗಿಲು ಕಾರ್ಡು ನೋಡಿ. ಎಲ್ಲವೂ ನಮ್ಮನ್ನು ಬಲ್ಲವು, ಯಾವುದೂ ನಮ್ಮನ್ನು ವಿಚಾರಿಸುವುದಿಲ್ಲ. ಬಂಡೆಪ್ಪನವರಂಥವರು ಹೊಸ್ತಿಲಿನ ಕುಲದವರು. ಬಂದವನನ್ನು ಅರೆಗಳಿಗೆ ತಡೆದು, ಅವನ ಹೆಸರನ್ನು ಅವನ ಬಾಯಿಂದಲೇ ಹೊರಡಿಸಿ, ನೀನೊಬ್ಬ ಇದ್ದೀಯೆ ಎಂದು ಅವನಿಗೇ ನೆನಪು ಮಾಡಿಕೊಡುವವರು. ಅವರು ತಡೆದಾಗ ಗೊಣಗಿದ ನಾವೇ, ಈಗ ಯಾರೂ ತಡೆಯದ ದಾರಿಗಳಲ್ಲಿ ಯಾರೂ ಅಲ್ಲದವರಂತೆ ಸರಾಗವಾಗಿ ಸಾಗುತ್ತಿದ್ದೇವೆ.

ಇದನ್ನೆಲ್ಲ ಕಳೆದ ತಿಂಗಳು ಮಲ್ಕಾಜ್‌ಗಿರಿಗೆ ಹೋದಾಗ ಅವರೆದುರೇ ನಿವೇದಿಸಿ, ಅಷ್ಟು ದೊಡ್ಡ ತತ್ತ್ವವನ್ನು ಒಂದೇ ಮುಂಜಾನೆಯಲ್ಲಿ ಹೇಗೆ ಬಿಟ್ಟುಕೊಟ್ಟಿರಿ, ಮನಸ್ಸಿಗೆ ನೋವಾಗಲಿಲ್ಲವೇ ಎಂದು ಕೇಳಿದೆ. ಬಂಡೆಪ್ಪನವರು ಒಳಗೆ ಗಿರಿಜಾಬಾಯಿ ಇದ್ದಾರೆಯೇ ಎಂದು ಒಮ್ಮೆ ನೋಡಿ, ದನಿ ತಗ್ಗಿಸಿದರು.

“ತತ್ವ ಎಲ್ಲೀದ್ರಿ? ಎಲ್ಲಾರೂ ಓದಿಬಿಟ್ರಲ್ಲಾ ಅಂತ ಹೊಸಾ ಪಾಸ್‌ವರ್ಡ್ ಇಟ್ಟಿದ್ದೆ. ಸೋಮವಾರ ಮುಂಜಾನೆ ಕುಂತ್ರ, ಏನ್ ಇಟ್ಟೀನಿ ಅಂತ ನೆನಪ ಆಗಲಿಲ್ಲ.”