ಎರಡನೆಯ ಅಳತೆ

ನಾನು ಒಂದು ಬಿಪಿ ಪೆಟ್ಟಿಗೆ. ಗಾಜಿನ ಕೊಳವೆ, ಅದರೊಳಗೆ ಪಾದರಸ. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಬದುಕಿದ್ದೆಲ್ಲ ಗದಗಿನ ಕಡೆಯ ಒಂದು ದೊಡ್ಡಾಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ. ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಆದರೆ ಕೇಳಿದಷ್ಟಕ್ಕೇ ನನ್ನ ಉತ್ತರ.

ನನ್ನ ಮೊದಲ ಧಣಿ ಡಾಕ್ಟರ್ ಮಳಗಿಯವರು. ಸಿಡುಕು ಮೋರೆ. ನಮ್ಮ ಕಡೆ ಡಾಕ್ಟರು ಬಂದರೆ ಎಷ್ಟೇ ಸೊರಗಿದವರೂ ಮರ್ಯಾದೆಗೆಂದು ಏಳುತ್ತಾರೆ. ಮಳಗಿಯವರು ಬೇಡವೆನ್ನುತ್ತಿರಲಿಲ್ಲ. ಮಲಗಿಸಿ ಒಮ್ಮೆ, ನಿಲ್ಲಿಸಿ ಇನ್ನೊಮ್ಮೆ ಅಳೆಯುತ್ತಿದ್ದರು. "ಜಡ್ಡಾದವರನ್ನ ನಿಲ್ಲಸ್ತಾನ, ಕಲ್ಲೆದಿ ಮನಷ್ಯಾ" ಎಂದು ವಾರ್ಡೆಲ್ಲ ಬೈಯುತ್ತಿತ್ತು. ನಾನೂ ಬೈದಿದ್ದೇನೆ.

ಅವರು ನಿವೃತ್ತರಾದ ಮೇಲೆ ಡಾಕ್ಟರ್ ವೈಜಯಂತಿಯ ಕೈಗೆ ಬಂದೆ. ಬೆಣ್ಣೆಯಂಥ ಮನಸ್ಸು. ಆ ಬೇಸಿಗೆ ಹಂಪವ್ವ ಬಂದಳು, ಹಪ್ಪಳ ಲಟ್ಟಿಸಿ ಮಗಳನ್ನು ಸಾಕುತ್ತಿದ್ದವಳು. ವಾಂತಿ, ನಿಶ್ಶಕ್ತಿ; ವರ್ಷದಲ್ಲಿ ಮೈ ಅರ್ಧವಾಗಿತ್ತು. ಅಂಗೈಯ ಗೆರೆಗಳೂ ಕಪ್ಪಾಗಿದ್ದವು. ಸೆರಗಿನ ಗಂಟಿನಲ್ಲಿ ಹರಳುಪ್ಪು ಇಟ್ಟುಕೊಂಡು ಕದ್ದು ನೆಕ್ಕುತ್ತಿದ್ದಳು.

ವೈಜಯಂತಿ ಬಂದಾಗಲೆಲ್ಲ ಹಂಪವ್ವ ಏಳಲು ಹೋಗುತ್ತಿದ್ದಳು. "ಏಳಬ್ಯಾಡವ್ವ, ಮಲ್ಕೋ" ಎಂದು ಭುಜ ಹಿಡಿದು ಮಲಗಿಸಿಯೇ ಆಕೆ ಅಳೆಯುತ್ತಿದ್ದಳು. ನಾನು ನೂರು ಎನ್ನುತ್ತಿದ್ದೆ, ಗಾಬರಿಯಾಗುವಂಥದ್ದಲ್ಲ. ಅದು ಸುಳ್ಳಾಗಿರಲಿಲ್ಲ. ಒಂದು ದಿನ ಉಪ್ಪಿನ ಗಂಟು ವೈಜಯಂತಿಯ ಕಣ್ಣಿಗೆ ಬಿತ್ತು.

"ಇಷ್ಟ್ ಉಪ್ಪು ತಿಂದ್ರ ಹೆಂಗವ್ವ? ಕೊಡು ಇಲ್ಲೆ."

"ನಾಲಿಗಿ ಬೇಡತೈತ್ರೀ ಬಾಯಾರ" ಎನ್ನುತ್ತ ಹಂಪವ್ವ ಕೊಟ್ಟುಬಿಟ್ಟಳು.

ಅದಾದ ಮೂರನೆಯ ಬೆಳಿಗ್ಗೆ ಮುಖ ತೊಳೆಯಲು ಎದ್ದವಳು ನಲ್ಲಿಯ ಬಳಿ ಕುಸಿದಳು. ಓಡಿ ಬಂದು ಪಟ್ಟಿ ಸುತ್ತಿದರು. ನನ್ನ ಪಾದರಸ ಎಲ್ಲಿಯೂ ಮಿಡಿಯದೆ ತಳಕ್ಕಿಳಿಯಿತು. ಸಲೈನು ಹಚ್ಚಿದರೂ ಅವಳು ಉಳಿಯಲಿಲ್ಲ.

ಸಾವು ಯಾಕಾಯಿತೆಂದು ಚರ್ಚಿಸಲು ಮಳಗಿಯವರನ್ನು ವಾರ್ಡಿಗೆ ಕರೆಸಿದರು. ಕಾಗದಗಳನ್ನೆಲ್ಲ ಓದಿ ಅವರು ಕೇಳಿದರು: "ನಿಲ್ಲಿಸಿ ನೋಡಿದ್ರೇನವ್ವಾ?"

"ಇಲ್ರೀ ಸರ್. ಭಾಳ ಸೋತಿದ್ಲು, ಪಾಪ ಅನಿಸ್ತು."

"ನಿಂತಿದ್ರ ಬಿಪಿ ಧಡಕ್ಕನ ಇಳೀತಿತ್ತು, ಗೊತ್ತಾಗ್ತಿತ್ತು. ಮೂತ್ರಪಿಂಡದ ಮ್ಯಾಲಿನ ಗ್ರಂಥಿ ಒಣಗಿದ್ವು. ಮೈಯಾಗ ಉಪ್ಪು ನಿಲ್ಲತಿದ್ದಿಲ್ಲ, ಅದಕ್ಕ ನೆಕ್ಕತಿದ್ಲು. ದಿನಾ ಗುಳಿಗಿ ಕೊಟ್ಟಿದ್ರ ಬದುಕತಿದ್ಲು."

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಆ ತಾಯಿಯಿಂದ ಉಪ್ಪು ಕಸಿದೆವು, ಮಗಳಿಂದ ತಾಯಿಯನ್ನು. ಎರಡನೆಯ ಅಳತೆ ಯಾಕೆಂದು ನನಗೂ ಅಂದೇ ತಿಳಿದದ್ದು. ವೈಜಯಂತಿ ನನ್ನ ಮುಚ್ಚಳದ ಮೇಲೆ ತಲೆಯಿಟ್ಟು ಅತ್ತಳು.

ಈಗ ಪಾದರಸದ ಪೆಟ್ಟಿಗೆಗಳನ್ನು ಯಾರೂ ಬಳಸುವುದಿಲ್ಲ. ಗುಜರಿ ಕೋಣೆಯಲ್ಲಿ, ಮುರಿದ ಮಂಚದ ಕೆಳಗೆ ಬಿದ್ದಿದ್ದೇನೆ. ಗೋಡೆಯಾಚೆಯೇ ವಾರ್ಡು. ದಿನವೂ ವೈಜಯಂತಿಯ ದನಿ ಕೇಳುತ್ತದೆ, ಮೊದಲಿನ ಮೆದುತನವಿಲ್ಲ: "ಏಳ್ರಿ. ಎದ್ದು ನಿಲ್ರಿ."

"ಕಲ್ಲೆದಿ ಹೆಂಗಸು" ಎಂದು ಯಾರಾದರೂ ಗೊಣಗುತ್ತಾರೆ.

ಬೈಯಲಿ. ಹಂಪವ್ವ ಬಂದಿದ್ದಾಗಲೇ ಆ ಎದೆ ಕಲ್ಲಾಗಿರಬೇಕಿತ್ತು.